ಕುದುರೆಯ ಪಕ್ಕ ನಡೆಯುವವರು

ಪೋಸ್ಟ್ ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ನನ್ನ ತಂಗಿಯ ಮಗಳಿಗೆ ಈಗ ಎಂಟು ವರ್ಷ. ಸೆರೆಬ್ರಲ್ ಪಾಲ್ಸಿ. ಎರಡೂ ಕಾಲು ಕತ್ತರಿಯಂತೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತವೆ. ಆಸರೆ ಇಲ್ಲದೆ ಕೂಡಿಸಿದರೆ ಮೈ ಒಂದು ಕಡೆ ವಾಲುತ್ತದೆ. ಮಾತು ನಿಧಾನ, ಬುದ್ಧಿ ಚುರುಕು. ನಾನು ಹೋದಾಗೆಲ್ಲ "ಮಾಮಾ, ಇವತ್ತ ಯಾವ ಮೀಟಿಂಗು?" ಅಂತ ಕೇಳ್ತಾಳ. ಅವಳನ್ನು ನೋಡಿದ ಜನ ಹೇಳುವ ಮೊದಲ ಮಾತು, "ಹಿಂದಿನ ಜನ್ಮದ ಕರ್ಮ." ಈ ಮಾತು ನಮಗೆ ಹೊಸದಲ್ಲ. ಈ ಕೇರಿಯಲ್ಲಿ ಹುಟ್ಟಿದ್ದಕ್ಕೂ ನಮಗೆ ಇದನ್ನೇ ಹೇಳಿದ್ದರು.

ನಮ್ಮ ಓಣಿಯ ಹತ್ತಿರ ಒಬ್ಬ ಕಾಕಾ ಇದ್ದಾರೆ. ಮೊದಲು ಮುಧೋಳದಲ್ಲಿ ಟಾಂಗಾ ಹೊಡೀತಿದ್ರು. ಆಟೋ ಬಂದ ಮೇಲೆ ಟಾಂಗಾ ಹೋಯಿತು, ಕುದುರೆ ಉಳಿಯಿತು. ಈಗ ಮದುವೆ ಮೆರವಣಿಗೆಗೆ ಬಾಡಿಗೆ ಕೊಡ್ತಾರೆ. ಬ್ಯಾಂಡು, ಪಟಾಕಿ ಯಾವುದಕ್ಕೂ ಬೆದರದ ಹೆಣ್ಣು ಕುದುರೆ. ಹೋದ ವರ್ಷ ಒಂದು ಸಂಜೆ ನಮ್ಮ ಹುಡುಗಿ ಅದರ ಮೇಲೆ ಕೂಡಬೇಕು ಅಂತ ಹಟ ಹಿಡಿದಳು. ಕಾಕಾ ಹಗ್ಗ ಹಿಡಿದು ಮುಂದೆ ನಿಂತರು. ಒಂದು ಕಡೆ ನಾನು, ಇನ್ನೊಂದು ಕಡೆ ತಂಗಿ. ಹತ್ತಿಸಿದಾಗ ಹುಡುಗಿ ಗಡಗಡ ನಡುಗಿದಳು. ಎರಡು ಸುತ್ತು ಆಗುವಷ್ಟರಲ್ಲಿ ನಡುಕ ನಿಂತಿತು. ನಾಲ್ಕನೇ ಸುತ್ತಿಗೆ ಬೆನ್ನು ನೆಟ್ಟಗಾಗಿತ್ತು. ಕೆಳಗೆ ನನ್ನನ್ನು ನೋಡಿ ಹೇಳಿದಳು, "ಮಾಮಾ, ನೀ ಸಣ್ಣಾಂವ ಕಾಣಾಕತ್ತಿ!"

ಅಷ್ಟು ವರ್ಷ ಎಲ್ಲರನ್ನೂ ನೆಲದಿಂದ, ಇಲ್ಲಾ ಯಾರದೋ ಸೊಂಟದಿಂದ ನೋಡಿದ ಕೂಸು ಅದು.

ಮರುದಿನ ಖುಷಿಯಿಂದ ವಿಡಿಯೋ ತೋರಿಸಿದರೆ ಫಿಸಿಯೋಥೆರಪಿಸ್ಟ್ ಮೇಡಂ ಬೈದರು. "ಹಿಂಗ ಕೂಡಸಬಾರದ್ರಿ ಸರ. ಹೆಲ್ಮೆಟ್ ಇಲ್ಲ, ಸೊಂಟದ ಎಕ್ಸ್-ರೇ ನೋಡಿಲ್ಲ." ಈ ಮಕ್ಕಳಿಗೆ ಸೊಂಟದ ಕೀಲು ಜಾರುವ ಅಪಾಯ ಇರ್ತದಂತೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಕುತ್ತಿಗೆ ಮೊದಲು ಪರೀಕ್ಷೆ ಆಗಬೇಕು. ಫಿಟ್ಸ್ ಹತೋಟಿಯಲ್ಲಿ ಇಲ್ಲದ ಮಕ್ಕಳನ್ನು ಹತ್ತಿಸಲೇಬಾರದು. ಬೈದು ಮುಗಿಸಿ ವಿಡಿಯೋ ಮತ್ತೊಮ್ಮೆ ನೋಡಿದರು. ಆಮೇಲೆ ನನಗೆ ಅರ್ಥ ಆಗುವ ಹಾಗೆ ಹೇಳಿದರು.

ಕುದುರೆ ನಡೆಯುವಾಗ ಅದರ ಬೆನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಅಲುಗುತ್ತದೆ, ಸ್ವಲ್ಪ ತಿರುಗುತ್ತದೆ. ನಾವು ನಡೆಯುವಾಗ ನಮ್ಮ ಸೊಂಟ ಹೆಚ್ಚುಕಮ್ಮಿ ಹಾಗೆಯೇ ಅಲುಗುವುದು. ಅಂದರೆ ಎಂದೂ ನಡೆಯದ ಮಗುವಿನ ಸೊಂಟಕ್ಕೆ ಕುದುರೆ ನಡಿಗೆಯ ಲಯ ಕೊಡುತ್ತದೆ. ಒಂದೊಂದು ಹೆಜ್ಜೆಗೂ ಮಗು ಬೀಳದ ಹಾಗೆ ಮೈ ಸರಿಮಾಡಿಕೊಳ್ಳಬೇಕು, ನಿಮಿಷಕ್ಕೆ ನೂರರಷ್ಟು ಸಲ. ಕಾಲು ಅಗಲಿಸಿ ಕೂತಾಗ ಬಿಗಿದ ತೊಡೆ ಸಡಿಲಾಗುತ್ತದೆ. ನಮಗಿಂತ ತುಸು ಬೆಚ್ಚಗಿರುವ ಕುದುರೆಯ ಮೈ ಅದಕ್ಕೆ ನೆರವಾಗುತ್ತದೆ. ಇದು ಕಾಯಿಲೆ ವಾಸಿ ಮಾಡುವ ಪವಾಡ ಅಲ್ಲ, ದಿನದ ವ್ಯಾಯಾಮದ ಬದಲಿಗೂ ಅಲ್ಲ, ಅದರ ಜೊತೆಗೆ ಅಂತ ಒತ್ತಿ ಹೇಳಿದರು.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಕಥೆ ಗೊತ್ತಾಗಿದ್ದು ಆಗಲೇ. 1944ರಲ್ಲಿ ಪೋಲಿಯೋ ಬಂದು ಮೊಣಕಾಲಿನ ಕೆಳಗೆ ಸ್ವಾಧೀನ ಹೋಯಿತು. ಕುದುರೆ ಹತ್ತಲು, ಇಳಿಯಲು ಬೇರೆಯವರ ಕೈ ಬೇಕು. ಅಂಥ ಹೆಣ್ಣುಮಗಳು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದಳು. ಜಗತ್ತು ಈ ಚಿಕಿತ್ಸೆಯ ಕಡೆ ತಿರುಗಿ ನೋಡಿದ್ದು ಆಮೇಲೆ.

ಬೆಂಗಳೂರಿನಲ್ಲಿ ಈ ಚಿಕಿತ್ಸೆ ಇದೆ. ಮುಧೋಳದಿಂದ ಅದು ಒಂದು ರಾತ್ರಿಯ ಬಸ್ಸು. ತಂಗಿ ಕಬ್ಬಿನ ಹೊಲದ ಕೂಲಿ. ಒಂದು ದಿನ ಬಿಟ್ಟರೆ ಆ ದಿನದ ಪಗಾರ ಇಲ್ಲ. ಊರಲ್ಲೇ ಫಿಸಿಯೋಥೆರಪಿಗೆ ಹೋಗುವುದಕ್ಕೂ ಅವಳು ಲೆಕ್ಕ ಹಾಕಬೇಕು.

ಇನ್ನು ಕುದುರೆ ಅಂದರೆ ನಮಗೆ ಬರೀ ಪ್ರಾಣಿ ಅಲ್ಲ. ನನ್ನ ಮದುವೆಯಲ್ಲಿ ಹೆಣ್ಣಿನ ಊರಿನ ಅಗಸಿ ಹತ್ತಿರ ಬಂದಾಗ "ಇಲ್ಲಿಂದ ನಡಕೊಂಡು ಬರ್ರಿ" ಅಂದರು. ಇಳಿದೆ. ಬಾಸಿಂಗ ಕಟ್ಟಿಕೊಂಡವನು ಜಗಳಕ್ಕೆ ನಿಲ್ಲಬಾರದು ಅಂತ ಅಪ್ಪ ಕೈ ಮುಗಿದಿದ್ದ. 2018ರ ಮಾರ್ಚಿನಲ್ಲಿ ಗುಜರಾತಿನ ಭಾವನಗರ ಜಿಲ್ಲೆಯಲ್ಲಿ ಕುದುರೆ ಸಾಕಿದ್ದ ದಲಿತ ಹುಡುಗನ ಕೊಲೆ ಆಯಿತು. ಕುದುರೆ ಏರಿದ್ದೇ ಅವನ ತಪ್ಪಾಯಿತು ಅಂದರು ಮನೆಯವರು. ನಮ್ಮ ಹುಡುಗಿ ಕುದುರೆ ಮೇಲೆ ಕೂತ ಸಂಜೆಯೂ ದಾರಿಹೋಕನೊಬ್ಬ ನಕ್ಕು ಹೋದ, "ಕಾಲಿಲ್ಲಾಂದ್ರೂ ಕುದುರಿ ಬೇಕು ಇವರಿಗೆ." ಒಂದೇ ಮಾತಿನಲ್ಲಿ ಎರಡು ಅವಮಾನ.

ಆ ರಾತ್ರಿ ಬಾಬಾಸಾಹೇಬರ ಎತ್ತಿನ ಗಾಡಿ ನೆನಪಾಯಿತು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಬರೆದಿದ್ದಾರೆ. 1901. ತಂದೆಯನ್ನು ನೋಡಲು ಹೊರಟ ಮಕ್ಕಳು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಜಾತಿ ತಿಳಿದ ಮೇಲೆ ಗಾಡಿಯವರು ಯಾರೂ ಒಪ್ಪಲಿಲ್ಲ. ಕಡೆಗೆ ಒಬ್ಬ ಒಪ್ಪಿದ, ಬಾಡಿಗೆ ಎರಡು ಪಟ್ಟು. ಮಕ್ಕಳೇ ಗಾಡಿ ಹೊಡೀಬೇಕು, ಮೈಲಿಗೆ ಆಗಬಾರದು ಅಂತ ಅವನು ಪಕ್ಕದಲ್ಲಿ ನಡೆದು ಬರುತ್ತಾನೆ.

ಈ ಚಿಕಿತ್ಸೆಯಲ್ಲೂ ಮಗುವಿನ ಪಕ್ಕದಲ್ಲಿ ಜನ ನಡೀತಾರೆ. ಒಬ್ಬರು ಕುದುರೆ ಹಿಡೀತಾರೆ. ಮಗುವಿಗೆ ಆಸರೆ ಬೇಕಿದ್ದರೆ ಎರಡೂ ಕಡೆ ಒಬ್ಬೊಬ್ಬರು, ತೊಡೆಯ ಮೇಲೆ ಕೈ ಇಟ್ಟು. ಅವತ್ತು ಗಾಡಿಯವನು ಮುಟ್ಟಬಾರದು ಅಂತ ಪಕ್ಕದಲ್ಲಿ ನಡೆದ. ಇವರು ಬೀಳಬಾರದು ಅಂತ ಮುಟ್ಟಿಕೊಂಡೇ ನಡೀತಾರೆ.

ಈಗ ನಮ್ಮನ್ನೇ ಕೇಳಿಕೊಳ್ಳೋಣ. ನಮ್ಮ ಚಳವಳಿ ಈ ಮಕ್ಕಳ ಪಕ್ಕ ನಡೆದದ್ದು ಎಷ್ಟು? ನಾನು ಇಪ್ಪತ್ತು ವರ್ಷ ಸಂಘಟನೆಯಲ್ಲಿದ್ದೇನೆ. ಏಪ್ರಿಲ್ 14ರ ಮೆರವಣಿಗೆಗೆ ಒಮ್ಮೆಯೂ ಆ ಹುಡುಗಿಯನ್ನು ಕರಕೊಂಡು ಹೋಗಿರಲಿಲ್ಲ. "ಗದ್ದಲ ಇರ್ತದ, ಮನ್ಯಾಗ ಇರಲಿ" ಅಂತಿದ್ದೆ. ನಮ್ಮ ಮೀಟಿಂಗ್ ನಡೆಯುವುದು ಮೊದಲನೇ ಮಹಡಿಯಲ್ಲಿ. ಮೀಸಲಾತಿ, ಭೂಮಿ, ಸ್ಮಶಾನ ಎಲ್ಲ ಮಾತಾಡಿದ್ದೇವೆ. ಕೇರಿಯಲ್ಲಿ ಅಂಗವಿಕಲ ಮಕ್ಕಳು ಎಷ್ಟು ಅಂತ ಎಣಿಸಿಲ್ಲ.

ಕಾನೂನು ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸುತ್ತದೆ. ಶೇ. 40 ಅಥವಾ ಹೆಚ್ಚು ವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಗ್ರಾಮ ಪಂಚಾಯಿತಿಗಳು ಸ್ವಂತ ಸಂಪನ್ಮೂಲದಲ್ಲಿ ಶೇ. 5 ವಿಕಲಚೇತನರಿಗೆ ಇಡಬೇಕು. ಎಸ್‌ಸಿ/ಎಸ್‌ಟಿ ಹಣ ಬೇರೆ, ಇದು ಬೇರೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎರಡರ ಲೆಕ್ಕವನ್ನೂ ಕೇಳ್ರಿ. ಅಡಿಪ್ ಯೋಜನೆಯಲ್ಲಿ ಸಿ.ಪಿ. ಚೇರ್ ಸಿಗುತ್ತದೆ, ಅರ್ಜಿ ಬರೆದುಕೊಡ್ರಿ. ಬರೆಯಲು ಬರುವವರು ನಾವೇ.

ಕುದುರೆಯೂ ಕೇಳೋಣ, ನಾಚಿಕೆ ಯಾಕ? ಮುಧೋಳ ಪ್ರಾಣಿ ಪಳಗಿಸಿದ ಊರು. ಇಲ್ಲಿಯ ನಾಯಿಗೆ 2005ರಲ್ಲಿ ಅಂಚೆ ಚೀಟಿ ಬಂತು, ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಇದೆ, ಸೈನ್ಯಕ್ಕೂ ಹೋಗಿದೆ. ಹೆಮ್ಮೆಯೇ. ಅದೇ ಊರಿನಲ್ಲಿ ಒಂದು ಸಮಾಧಾನದ ಕುದುರೆ, ಹತ್ತಲು ಒಂದು ಇಳಿಜಾರು ಕಟ್ಟೆ, ತರಬೇತಿ ಆದ ಫಿಸಿಯೋಥೆರಪಿಸ್ಟ್, ಮೂರು ಜನರ ಕೈ ಸಿಗುವುದು ಅಸಾಧ್ಯ ಏನಲ್ಲ.

ಹುಡುಗಿಯ ಎಕ್ಸ್-ರೇ ಆಯಿತು, ಹೆಲ್ಮೆಟ್ ತಂದೆ. ಮೇಡಂ ನಿಂತು ನೋಡಿದ ಮೇಲೆಯೇ ಮತ್ತೆ ಹತ್ತಿಸಿದ್ದು. ಕಾಕಾಗೆ ದುಡ್ಡು ಕೊಡಲು ಹೋದರೆ "ಮದುವಿ ಬಾಡಗಿ ಮದುವಿಗೆ ತಗೋತೀನಿ ತಮ್ಮಾ, ಇದಕ್ಕಲ್ಲ" ಅಂದರು.

ನಮ್ಮ ಮೀಟಿಂಗು ಈಗ ಕೆಳಗೆ, ಸಮುದಾಯ ಭವನದ ಅಂಗಳದಲ್ಲಿ. ಹೋದ ಸಲ ಅವಳೂ ಬಂದಿದ್ದಳು. ಯಾವ ಮೀಟಿಂಗು ಅಂತ ಕೇಳಲಿಲ್ಲ.

ಜೈಭೀಮ್.