ಕಾಜಾ ದೊಡ್ಡದು, ಗುಂಡಿ ಚಿಕ್ಕದು

ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಮ್ಮದೊಂದು ಅಂಗಡಿ ಇದೆ ಎಂದು ಪಾಲಿಟೆಕ್ನಿಕ್ಕಿನ ಗೆಳೆಯರಿಗೆ ಹೇಳಿಕೊಂಡಿದ್ದೆ. ಪೂರ್ತಿ ಸುಳ್ಳೇನಲ್ಲ. ಇಬ್ರಾಹಿಂ ಸಾಹೇಬ್ ಸ್ಟ್ರೀಟಿನ ಕಡೆ ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗೆ ಅಬ್ಬಾ ಹೊಲಿಗೆ ಯಂತ್ರ ಇಟ್ಟುಕೊಂಡು ಕೂರುತ್ತಿದ್ದರು. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಕಾಜಾ ಹಾಕುವುದು ಅವರ ಕೆಲಸ.

2009ರಲ್ಲಿ ನಾವು ಮೂವರು ಸೇರಿ ರೇಡಿಯೋದಿಂದ ಹಾರಿಸುವ ಒಂದು ಮಾದರಿ ವಿಮಾನ ಮಾಡಿದೆವು. ಮೈಯೆಲ್ಲ ಥರ್ಮಾಕೋಲ್. ಎಲಿವೇಟರ್ ಅಲ್ಲಾಡಿಸಲು 9 ಗ್ರಾಂ ತೂಕದ ಸರ್ವೋ. ಆ ಪುಟ್ಟ ಪೆಟ್ಟಿಗೆಯೊಳಗೆ ಒಂದು ಮೋಟಾರು, ಹಲ್ಲುಚಕ್ರಗಳು, ತೋಳು ಎಲ್ಲಿದೆಯೆಂದು ತಿಳಿಸುವ ಪೊಟೆನ್ಷಿಯೋಮೀಟರ್ ಇರುತ್ತವೆ. ರಿಸೀವರ್ ಸೆಕೆಂಡಿಗೆ ಸುಮಾರು 50 ಸಲ ಅದಕ್ಕೆ ಮಿಡಿತ ಕಳಿಸುತ್ತದೆ. ಮಿಡಿತ 1.5 ಮಿಲಿಸೆಕೆಂಡ್ ಇದ್ದರೆ ತೋಳು ನಡುವೆ ನಿಲ್ಲುತ್ತದೆ. ಕಡಿಮೆಯಾದರೆ ಒಂದು ಕಡೆಗೆ, ಹೆಚ್ಚಾದರೆ ಇನ್ನೊಂದು ಕಡೆಗೆ ತಿರುಗುತ್ತದೆ. ಇದನ್ನೆಲ್ಲ ನಾವು ಬಾಯಿಪಾಠ ಮಾಡಿದ್ದೆವು. ಆದರೂ ಮೊದಲ ದಿನವೇ ವೇಗ ಏರುತ್ತಿದ್ದಂತೆ ಬಾಲ ಗಡಗಡ ನಡುಗಿ ವಿಮಾನ ಮೂಗು ಕೆಳಗಾಗಿ ಬಿತ್ತು.

"ನಿಮ್ಮ ಅಂಗಡಿಯಲ್ಲೇ ಕೂತು ರಿಪೇರಿ ಮಾಡೋಣ" ಎಂದರು ಗೆಳೆಯರು. ಶಿವಾಜಿನಗರದಲ್ಲಿ ಬಸ್ಸಿಳಿದು ನಡೆಯುವಾಗ ಯಾವ ನೆಪವೂ ಹೊಳೆಯಲಿಲ್ಲ. ಮೆಟ್ಟಿಲ ಬಳಿ ನಿಂತು, "ಯಾವುದೋ ನಿಮ್ಮ ಅಂಗಡಿ?" ಎಂದರು. ಕೈ ತೋರಿಸಿದೆ. ಮುಖ ತೋರಿಸುವ ಧೈರ್ಯವಾಗಲಿಲ್ಲ.

ಅಬ್ಬಾ ಯಂತ್ರ ನಿಲ್ಲಿಸಿ ಎಲಿವೇಟರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಆಡಿಸಿದರು. ಸರ್ವೋದ ತೋಳು ಕದಲಲಿಲ್ಲ, ಎಲಿವೇಟರ್ ಮಾತ್ರ ಲೊಡಲೊಡ ಅಲ್ಲಾಡಿತು. "ಕಾಜಾ ದೊಡ್ಡದು, ಗುಂಡಿ ಚಿಕ್ಕದು. ಹೇಗಪ್ಪಾ ನಿಲ್ಲುತ್ತೆ?" ಎಂದು ಗೆಳೆಯರಿಗೆ ಕನ್ನಡದಲ್ಲೇ ಹೇಳಿದರು. ನೋಡಿದರೆ ನಿಜ. ಎಲಿವೇಟರಿನ ಕೊಂಬಿಗೆ ನಾವು ಕೊರೆದ ರಂಧ್ರ 2 ಮಿಲಿಮೀಟರ್, ತಂತಿ 1 ಮಿಲಿಮೀಟರ್. ಅಷ್ಟು ತೆಳು ತಂತಿ ಎಳೆದರೆ ಸರಿ, ತಳ್ಳಿದರೆ ಬಿಲ್ಲಿನಂತೆ ಬಾಗುತ್ತಿತ್ತು. ಸೈಕಲ್ ಅಂಗಡಿಯಿಂದ ಒಂದು ಸ್ಪೋಕ್ ತರಿಸಿ ಅಬ್ಬಾ ಇಕ್ಕಳದಿಂದ ಅದರ ತುದಿಯನ್ನು ಎರಡು ಕಡೆ ಬಗ್ಗಿಸಿದರು. ಬಿಗಿಯೂ ಅಲ್ಲ, ಸಡಿಲವೂ ಅಲ್ಲ.

ಉಳಿದ ತಪ್ಪುಗಳು ಆಗ ಒಂದೊಂದಾಗಿ ಕಂಡವು. ರೇಡಿಯೋ ಹಾಕಿ ಸರ್ವೋವನ್ನು ನಡುವೆ ನಿಲ್ಲಿಸುವ ಮೊದಲೇ ತೋಳು ಸಿಕ್ಕಿಸಿದ್ದೆವು. ಬಿಚ್ಚಿ ತಂತಿಗೆ ಲಂಬವಾಗಿ ಕೂರಿಸಿದೆವು. ತೋಳಿನ ತೀರ ಹೊರಗಿನ ರಂಧ್ರ ಬಿಟ್ಟು ಒಳಗಿನದಕ್ಕೂ, ಕೊಂಬಿನಲ್ಲಿ ಹೊರಗಿನದಕ್ಕೂ ತಂತಿ ಹಾಕಿದೆವು. ಚಲನೆ ಕಡಿಮೆಯಾಗುತ್ತದೆ, ಹತೋಟಿ ಹೆಚ್ಚುತ್ತದೆ. ಕೊಂಬಿನ ರಂಧ್ರ ಕೀಲಿನ ಗೆರೆಯ ನೇರಕ್ಕೇ ಇರಬೇಕು, ಇಲ್ಲವಾದರೆ ಮೇಲಕ್ಕೊಂದಷ್ಟು ಕೆಳಕ್ಕೊಂದಷ್ಟು ಓಡುತ್ತದೆ. ಕೋಲನ್ನು ಪೂರ್ತಿ ಎಳೆದಾಗ ಸರ್ವೋ ಗುಂಯ್ ಎಂದಿತು. "ಎಲ್ಲೋ ಸಿಕ್ಕಿಕೊಂಡಿದೆ, ಹೀಗೇ ಬಿಟ್ಟರೆ ಸುಟ್ಟು ಹೋಗುತ್ತೆ" ಎಂದರು ಅಬ್ಬಾ. ನಲವತ್ತು ವರ್ಷ ಯಂತ್ರದ ಸದ್ದು ಕೇಳಿದ ಕಿವಿ. ಸ್ಪೋಕಿನಿಂದ ಬಾಲ ಭಾರವಾಯಿತು. ಬ್ಯಾಟರಿಯನ್ನು ಮುಂದಕ್ಕೆ ಸರಿಸಿ ಸಮ ಮಾಡಿದೆವು.

ಮುಂದಿನ ಭಾನುವಾರ ಅದು ನಾಲ್ಕು ನಿಮಿಷ ಹಾರಿತು. ಅಬ್ಬಾ ಬರಲಿಲ್ಲ. ರಂಜಾನ್ ತಿಂಗಳು, ಈದ್‌ನ ಬಟ್ಟೆಗಳ ರಾಶಿ. ರಾತ್ರಿ ತರಾವೀಹ್ ಮುಗಿಸಿ ಬಂದು ಮತ್ತೆ ಯಂತ್ರಕ್ಕೆ ಕೂತವರು ದಾರ ಪೋಣಿಸುತ್ತಾ ಕೇಳಿದರು:

"ಬಾಲ ನಡುಗಿತಾ?"

"ಇಲ್ಲ ಅಬ್ಬಾ."

"ಹ್ಞೂಂ" ಎಂದು ಪೆಡಲ್ ತುಳಿದರು.