ಗಂಡಗೈಗೆ ಇಳಿಯಿರಿ

ಅಕ್ಕನ ಮಗ ಬೆಳಿಗ್ಗೆ ವಾಟ್ಸಾಪಿನಲ್ಲಿ ತನ್ನ ಆಸ್ಟ್ರೇಲಿಯಾ ಪ್ರವಾಸದ ಪಟ್ಟಿ ಕಳಿಸಿದ. ಸಿಡ್ನಿಯಲ್ಲಿ ಒಪೆರಾ ಹೌಸ್, ಬಾಂಡೈ ಕಡಲತೀರ. ಅಲ್ಲಿಂದ ವಿಮಾನ ಹತ್ತಿ ಮೆಲ್ಬರ್ನ್, ಗ್ರೇಟ್ ಓಷನ್ ರೋಡ್. ಮತ್ತೆ ವಿಮಾನ ಹತ್ತಿ ಕೇರ್ನ್ಸ್, ಹವಳದ ದಿಬ್ಬ. "ಮೆಲ್ಬರ್ನಿಗೆ ಕಾರಿನಲ್ಲಿ ಹೋಗೋ, ದಾರಿ ಚೆನ್ನಾಗಿದೆ" ಎಂದು ಬರೆದೆ. "ನಡುವೆ ಏನಿದೆ ಚಿಕ್ಕಮ್ಮ? ಬರೀ ಹುಲ್ಲು, ಕುರಿ" ಎಂದು ಉತ್ತರ ಬಂತು. ಕೈಯಲ್ಲಿದ್ದ ಕಾಫಿ ಆರಿತು, ಸಿಟ್ಟು ಆರಲಿಲ್ಲ.

ಕುರಿ ಎಂದನಲ್ಲ, ಕುರಿಯಿಂದಲೇ ಶುರುಮಾಡುತ್ತೇನೆ. ಸಿಡ್ನಿ ಬಿಟ್ಟು ಹ್ಯೂಮ್ ಹೈವೇಯಲ್ಲಿ ಎರಡು ಗಂಟೆ ಹೋದರೆ ಗೋಲ್ಬರ್ನ್ ಎಂಬ ಊರು. ಉಣ್ಣೆಯಿಂದ ಬದುಕಿದ ಆ ಊರು 1985ರಲ್ಲಿ ರಸ್ತೆಯ ಪಕ್ಕದಲ್ಲಿ ಹದಿನೈದು ಮೀಟರ್ ಎತ್ತರದ ಕಾಂಕ್ರೀಟ್ ಮೆರಿನೋ ಟಗರನ್ನು ನಿಲ್ಲಿಸಿತು. 1992ರಲ್ಲಿ ಬೈಪಾಸ್ ಬಂತು, ಕಾರುಗಳು ಊರಿನ ಹೊರಗಿನಿಂದಲೇ ಸಾಗಿದವು, ಟಗರನ್ನು ನೋಡುವವರು ಕಡಿಮೆಯಾದರು. ಊರಿನವರು ಅದನ್ನು ಕೈಬಿಡಲಿಲ್ಲ. 2007ರಲ್ಲಿ ನೂರು ಟನ್ನಿನಷ್ಟು ತೂಗುವ ಆ ಪ್ರಾಣಿಯನ್ನು ಎತ್ತಿ ಸಾಗಿಸಿ, ಹೊಸ ಹೈವೇಗೆ ಹೋಗುವ ದಾರಿಯ ಹತ್ತಿರ ಇಟ್ಟರು.

ರಸ್ತೆಬದಿಯ ಇಂಥ ದೈತ್ಯ ಪ್ರತಿಮೆಗಳೆಲ್ಲಕ್ಕೂ ಆ ಭಾಗ್ಯ ಸಿಗಲಿಲ್ಲ. ಉತ್ತರದ ಪೆಸಿಫಿಕ್ ಹೈವೇ ಕಡೆಯ ವಾಹೋಪ್‌ನ ದೊಡ್ಡ ಗೂಳಿಯನ್ನು ಅದೇ 2007ರಲ್ಲಿ ಕೆಡವಿದರು. ಟಾರೀ ಊರಿನ ದೊಡ್ಡ ಸಿಂಪಿಯ ಕೆಳಗೆ ಈಗ ಕಾರು ಮಾರುತ್ತಾರೆ. ಟೀವಿ ಪ್ರವಾಸ ಕಾರ್ಯಕ್ರಮಗಳ ಲೇಲ್ಯಾಂಡ್ ಸಹೋದರರು 1990ರಲ್ಲಿ ತೆರೆದ ಪ್ರವಾಸಿ ತಾಣದಲ್ಲಿ ಉಲುರು ಬಂಡೆಯ ಪುಟ್ಟ ಪ್ರತಿರೂಪವಿತ್ತು. ಮುಂದೆ ಅದು ಪೆಟ್ರೋಲ್ ಬಂಕಿನ ಹೋಟೆಲಾಗಿ, 2018ರಲ್ಲಿ ಸುಟ್ಟುಹೋಯಿತು. ಇವನ್ನೆಲ್ಲ ಅಭಿರುಚಿಯಿಲ್ಲದ ಗೊಂಬೆಗಳೆಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಒಂದು ಸಣ್ಣ ಊರು ತಾನು ಬೆಳೆದದ್ದನ್ನು ದಾರಿಹೋಕರಿಗೆ ಎತ್ತಿ ತೋರಿಸುವುದರಲ್ಲಿ ತಪ್ಪೇನಿದೆ? ಕಾಫ್ಸ್ ಹಾರ್ಬರ್‌ನಲ್ಲಿ 1964ರಿಂದ ನಿಂತಿರುವ ದೊಡ್ಡ ಬಾಳೆಹಣ್ಣನ್ನು ಕಂಡಾಗ ನನಗೆ ನೆನಪಾಗುವುದು ಅಲ್ಲಿಗೆ ಸಮೀಪದ ವುಲ್‌ಗೂಲ್ಗಾ. ಬಾಳೆತೋಟಗಳಲ್ಲಿ ದುಡಿದು, ಆಮೇಲೆ ತಾವೇ ತೋಟ ಮಾಡಿಕೊಂಡ ಪಂಜಾಬಿಗಳು 1968ರಲ್ಲೇ ಅಲ್ಲಿ ಗುರುದ್ವಾರ ಕಟ್ಟಿದರು. ನಮ್ಮವರ ಪ್ರವಾಸದ ಪಟ್ಟಿಗಳಲ್ಲಿ ಅದನ್ನು ನಾನು ಕಂಡಿಲ್ಲ.

ಬೈಪಾಸಿನಿಂದ ಅಪಘಾತ ಕಡಿಮೆಯಾಗಿದೆ, ಮನೆಮುಂದೆ ಲಾರಿಗಳ ಗದ್ದಲ ನಿಂತಿದೆ, ಜನ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಎಲ್ಲ ಸರಿ, ಅದರಲ್ಲಿ ವಾದವೇ ಇಲ್ಲ. ನನಗೆ ಹೇಳಬೇಕಾದದ್ದು ಬೈಪಾಸಿನ ಕಾಲದಲ್ಲಿ ಕಣ್ಮರೆಯಾದ ಗ್ರೀಕರ ಕೆಫೆಗಳ ಬಗ್ಗೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ದೇಶದ ಒಳನಾಡಿನ ಊರುಗಳ ಮುಖ್ಯಬೀದಿಗಳಲ್ಲಿ ಗ್ರೀಕ್ ಕುಟುಂಬಗಳು ನಡೆಸುವ ಕೆಫೆಗಳು ಸಾಲುಸಾಲಾಗಿ ಬಂದವು. ನಯಾಗರಾ, ಪ್ಯಾರಾಗಾನ್, ಕ್ಯಾಲಿಫೋರ್ನಿಯಾ ಎಂದೆಲ್ಲ ಹೆಸರು. ಎದುರುಬದುರು ಮರದ ಬೆಂಚು, ಗೋಡೆಗೆ ಕನ್ನಡಿ, ಹಾಲು ನೊರೆಯೆಬ್ಬಿಸುವ ಉದ್ದನೆಯ ಲೋಹದ ಲೋಟ. 1932ರಲ್ಲಿ ಸಿಡ್ನಿಯ ಮಾರ್ಟಿನ್ ಪ್ಲೇಸಿನಲ್ಲಿ ಮಿಲ್ಕ್ ಬಾರ್ ತೆರೆದು, ದೇಶಕ್ಕೆಲ್ಲ ಮಿಲ್ಕ್ ಬಾರಿನ ಹುಚ್ಚು ಹಿಡಿಸಿದ ಮಿಕ್ ಆಡಮ್ಸ್ ಕೂಡ ಗ್ರೀಕನೇ. ಹುಟ್ಟುಹೆಸರು ಜೋಆಕಿಮ್ ತಾವ್ಲಾರಿದಿಸ್.

ನಮ್ಮ ಉಡುಪಿ ಹೋಟೆಲುಗಳ ಹಾಗೆ ಎಂದು ನಾನು ನೆಂಟರಿಗೆ ಹೇಳುತ್ತೇನೆ. ಮನೆಮಂದಿಯೆಲ್ಲ ದುಡಿಯುವುದು, ಊರಿನಿಂದ ಅಣ್ಣನ ಮಗನನ್ನೋ ಭಾವಮೈದುನನನ್ನೋ ಕರೆಸಿಕೊಂಡು ಕೆಲಸ ಕಲಿಸುವುದು, ಅವನು ಮುಂದಿನ ಊರಿನಲ್ಲಿ ಇನ್ನೊಂದು ಅಂಗಡಿ ಇಡುವುದು, ಎಲ್ಲ ಅದೇ. ಒಂದು ವ್ಯತ್ಯಾಸ ಮಾತ್ರ ನನ್ನನ್ನು ಕಾಡುತ್ತದೆ. ಉಡುಪಿಯವರು ಹೋದಲ್ಲೆಲ್ಲ ತಮ್ಮ ದೋಸೆ, ಸಾಂಬಾರನ್ನೇ ಬಡಿಸಿ ಹೆಸರು ಮಾಡಿದರು. ಗ್ರೀಕರು ಬಡಿಸಿದ್ದು ಸ್ಟೀಕು, ಮೊಟ್ಟೆ, ಹುರಿದ ಆಲೂಗಡ್ಡೆ, ಅಂದರೆ ಗಿರಾಕಿಗಳ ಊಟ. ತಮ್ಮ ಎಣ್ಣೆ, ಬೆಳ್ಳುಳ್ಳಿಯ ಅಡುಗೆ ಏನಿದ್ದರೂ ಒಳಮನೆಯಲ್ಲಿ. ಇಷ್ಟು ವರ್ಷ ಊರಿಗೆಲ್ಲ ಅನ್ನ ಹಾಕಿದವರು ತಮ್ಮ ಅನ್ನವನ್ನು ಯಾರಿಗೂ ತೋರಿಸದೆ ಉಂಡರಲ್ಲ ಎಂದು ನನಗೆ ಇವತ್ತಿಗೂ ಸಂಕಟವಾಗುತ್ತದೆ. ಟೀವಿ ಬಂತು, ಸೂಪರ್ ಮಾರ್ಕೆಟ್ ಬಂತು, ಮಕ್ಕಳು ಓದಿ ಡಾಕ್ಟರು, ವಕೀಲರಾದರು. ಕೊನೆಗೆ ಬೈಪಾಸೂ ಬಂತು, ಒಂದೊಂದಾಗಿ ಕೆಫೆಗಳು ಬಾಗಿಲು ಹಾಕಿದವು. ಹೈವೇ ಬದಿಯ ಸರ್ವಿಸ್ ಸೆಂಟರುಗಳಲ್ಲಿ ಈಗ ಸಿಗುವುದು ಎಲ್ಲ ಕಡೆ ಒಂದೇ ರುಚಿಯ ಬರ್ಗರ್.

2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಸುದ್ದಿ ಓದಿದಾಗಲೂ ನನಗೆ ಹೊಟ್ಟೆಯಲ್ಲಿ ಹೀಗೇ ಆಗಿತ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವೂ ಬೈಪಾಸಾದವು. ಚಿಕ್ಕಂದಿನಲ್ಲಿ ಅಪ್ಪ ಬಸ್ಸಿನಿಂದಿಳಿದು ಮದ್ದೂರು ವಡೆಯ ಪೊಟ್ಟಣ ತರುತ್ತಿದ್ದರು. ಬಸ್ಸು ಹೊರಟುಬಿಟ್ಟರೆ ಎಂದು ಅಮ್ಮ ಕಿಟಕಿಯಿಂದ ಕತ್ತು ಹೊರಹಾಕಿ ಕಾಯುತ್ತಿದ್ದಳು. ಎಣ್ಣೆ ಹೀರಿದ ಆ ಕಾಗದ, ಕಿಟಕಿಯ ಹೊರಗೆ ಅಂಗಡಿಯಲ್ಲಿ ತೂಗುತ್ತಿದ್ದ ಚನ್ನಪಟ್ಟಣದ ಬಣ್ಣದ ಗೊಂಬೆ, ಇವಿಲ್ಲದೆ ಮೈಸೂರು ತಲುಪಿದ ನೆನಪೇ ನನಗಿಲ್ಲ.

ಇರಲಿ, ಹ್ಯೂಮ್ ಹೈವೇಗೆ ಬರುತ್ತೇನೆ. ಗಂಡಗೈ ಊರಿಗೆ ಬೈಪಾಸ್ ಬಂದದ್ದು 1977ರಲ್ಲಿ. ಅಲ್ಲಿಯೂ ಗ್ರೀಕರು ತೆರೆದ ನಯಾಗರಾ ಎಂಬ ಕೆಫೆಯಿದೆ. ಯುದ್ಧಕಾಲದ 1942ರಲ್ಲಿ ಪ್ರಧಾನಿ ಜಾನ್ ಕರ್ಟಿನ್ ರಾತ್ರಿ ಹೊತ್ತಿನಲ್ಲಿ ಹಸಿದು ಬಂದು, ಅದರ ಅಡುಗೆಮನೆಯಲ್ಲೇ ಕೂತು ಉಂಡರೆಂದು ಊರಿನವರು ಹೇಳುತ್ತಾರೆ. ಗಂಡಗೈ ದಾರಿಯ ಬಗ್ಗೆ ಜ್ಯಾಕ್ ಓ'ಹೇಗನ್ 1922ರಲ್ಲಿ ಬರೆದ ಹಾಡು ದೇಶಕ್ಕೆಲ್ಲ ಗೊತ್ತು. ಊರನ್ನು ಕಾಣದೆಯೇ ಬರೆದದ್ದು ಅದು. ಊರಾಚೆಯ ಹೈವೇ ಬದಿಯಲ್ಲಿ ಬುತ್ತಿಪೆಟ್ಟಿಗೆ ಕಾಯುವ ನಾಯಿಯ ಪ್ರತಿಮೆಯಿದೆ, 1932ರಲ್ಲಿ ಅನಾವರಣಗೊಂಡದ್ದು. ಕಾರು ನಿಲ್ಲಿಸುವವರು ಅದರ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಅದನ್ನು ಮಾಡಿದ ಫ್ರಾಂಕ್ ರುಸ್ಕೋನಿ ಇಪ್ಪತ್ತೆಂಟು ವರ್ಷ ಕೂತು 20,948 ಅಮೃತಶಿಲೆಯ ಚೂರುಗಳನ್ನು ಜೋಡಿಸಿ ಒಂದು ಪುಟ್ಟ ಸೌಧ ಕಟ್ಟಿದ. ಅದನ್ನು ನೋಡಬೇಕಾದರೆ ಹೈವೇ ಬಿಟ್ಟು ಊರಿಗೆ ಇಳಿಯಬೇಕು.

ಇನ್ನೊಂದು ಪ್ರತಿಮೆಗಾಗಿಯೂ ಇಳಿಯಬೇಕು. ಮರಂಬಿಜೀ ನದಿಯ ಬಯಲಿನಲ್ಲಿ ಊರು ಕಟ್ಟಬೇಡಿ ಎಂದು ಅಲ್ಲಿನ ಮೂಲನಿವಾಸಿಗಳಾದ ವಿರಾಜುರಿ ಜನ ಎಚ್ಚರಿಸಿದ್ದರು. ಬಿಳಿಯರು ಕೇಳಲಿಲ್ಲ. 1852ರ ಜೂನಿನಲ್ಲಿ ಹೊಳೆ ಉಕ್ಕಿ ಎಂಬತ್ತರಷ್ಟು ಜನ ಸತ್ತರು. ಯಾರಿ, ಜ್ಯಾಕಿ ಜ್ಯಾಕಿ ಎಂಬ ಇಬ್ಬರು ವಿರಾಜುರಿ ಗಂಡಸರು ಮರದ ತೊಗಟೆಯ ದೋಣಿಗಳಲ್ಲಿ ಆ ಪ್ರವಾಹಕ್ಕೆ ಇಳಿದು, ಮರ ಮತ್ತು ಮನೆಯ ಮಾಡು ಹಿಡಿದುಕೊಂಡಿದ್ದವರನ್ನು ಒಬ್ಬೊಬ್ಬರಾಗಿ ದಡ ಸೇರಿಸಿದರು. ಊರಿನ ಮೂರನೇ ಒಂದು ಪಾಲು ಜನರ ಜೀವ ಉಳಿಯಿತು. ತಮ್ಮ ನೆಲ ಕಿತ್ತುಕೊಂಡವರನ್ನು ಹೀಗೆ ಉಳಿಸಿದವರಿಗೆ ಮುಖ್ಯಬೀದಿಯಲ್ಲಿ ಕಂಚಿನ ಪ್ರತಿಮೆ ಬಂದದ್ದು 2017ರಲ್ಲಿ. ನಾಯಿಗೆ ಸಿಕ್ಕ ಗೌರವ ಈ ಇಬ್ಬರಿಗೆ ಸಿಗಲು ಮತ್ತೆ 85 ವರ್ಷ ಬೇಕಾಯಿತು. ಇದು ಅನ್ಯಾಯ.

ಅದೇ ಬಯಲಿನ ಮೇಲೆ ಹಾದುಹೋಗಿದ್ದ ಉದ್ದನೆಯ ಹಳೆಯ ಮರದ ಸೇತುವೆಯನ್ನು 2021ರಲ್ಲಿ ಕಳಚಿಹಾಕಿದರು. ಇನ್ನುಳಿದಿರುವುದಕ್ಕೂ ಕಾಲ ಕಾಯುವುದಿಲ್ಲ. ಗಂಡಗೈ ಸಿಡ್ನಿಯಿಂದ ಸುಮಾರು 390 ಕಿ.ಮೀ., ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಸಿಗುತ್ತದೆ. ನೀವು ಈ ದೇಶಕ್ಕೆ ಬಂದರೆ ಒಂದು ವಿಮಾನದ ಟಿಕೆಟ್ ಬಿಟ್ಟು ಆ ರಸ್ತೆ ಹಿಡಿಯಿರಿ, ಯಾರಿಯ ಪ್ರತಿಮೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಊರಿನವರು ನಡೆಸುವ ಅಂಗಡಿಯಲ್ಲೇ ಊಟ ಮಾಡಿ.