ಹಿತ್ತಲಿನ ಯಂತ್ರಕ್ಕೆ ಮೋಟಾರು ಆರಿಸಿದ ಕಥೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಸಂಕೋಚವೇ ಆಯಿತು. ಕಥೆ, ಕವಿತೆ ನನಗೆ ಒಲಿದವಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಮಿಲ್ಲಿಂಗ್ ಯಂತ್ರದ ಮುಂದೆ ನಿಂತು ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ಆದ್ದರಿಂದ, ನಿವೃತ್ತನಾಗಿ ಓಬಳಾಪುರಕ್ಕೆ ಮರಳಿದ ಮೇಲೆ ಹಿತ್ತಲಿನ ಕೊಠಡಿಯಲ್ಲಿ ಕಟ್ಟಿಕೊಂಡ ಸಣ್ಣ ಸಿ.ಎನ್.ಸಿ. ಯಂತ್ರದ ವಿಷಯವನ್ನೇ ಬರೆಯುತ್ತೇನೆ.

ಇದಕ್ಕೆ ಕಾರಣನಾದವನು ನನ್ನ ತಮ್ಮ. ಜೀನ್ಸ್ ಹೊಲಿಯುವ ರಾಯದುರ್ಗದಲ್ಲಿ ಅವನದು ಹೊಲಿಗೆ ಯಂತ್ರಗಳ ರಿಪೇರಿಯ ಅಂಗಡಿ. "ಅಣ್ಣಾ, ಸೂಜಿಯ ಕೆಳಗಿನ ತಟ್ಟೆಗೆ ಪ್ರತಿಸಲವೂ ಪರಊರಿಗೆ ಬರೆದು ಕಾಯಬೇಕು. ನೀನೇ ಮಾಡಿಕೊಡಬಾರದೇ?" ಎಂದ. ಒಪ್ಪಿಕೊಂಡೆ.

ಸಿ.ಎನ್.ಸಿ. ಎಂದರೆ ಮತ್ತೇನೂ ಅಲ್ಲ. ಕೈಚಕ್ರ ತಿರುಗಿಸುವ ಕೆಲಸವನ್ನು ಮೋಟಾರಿಗೆ ಒಪ್ಪಿಸಿ, ಆ ಮೋಟಾರಿಗೆ ಅಂಕಿಗಳ ಮೂಲಕ ಆಜ್ಞೆ ಕೊಡುವುದು. ಅಂಕಿಗಳ ಆಜ್ಞೆ ಪಾಲಿಸುವ ಇಂಥ ಯಂತ್ರವನ್ನು ಅಮೆರಿಕದ ಎಂ.ಐ.ಟಿ.ಯಲ್ಲಿ 1952ರಲ್ಲಿ ತೋರಿಸಿದರು. ಮರುವರ್ಷ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಹುಟ್ಟಿತು. ನಮ್ಮ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದ್ದೂ ಅದೇ 1953ರಲ್ಲಿ. ಇದು ಪ್ರಾಸಂಗಿಕವಾಗಿ ನೆನಪಾದದ್ದು.

ಮೊದಲು ಅಗ್ಗವೆಂದು ಸ್ಟೆಪ್ಪರ್ ಮೋಟಾರುಗಳನ್ನು ತಂದೆ. ಒಂದು ಸುತ್ತಿಗೆ ಅದು 200 ಹೆಜ್ಜೆ ಇಡುತ್ತದೆ. ನನ್ನ ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಸಾಗುವುದರಿಂದ ಒಂದು ಹೆಜ್ಜೆಗೆ 0.025 ಮಿಲಿಮೀಟರ್. ಲೆಕ್ಕ ಚೆನ್ನಾಗಿತ್ತು. ಆದರೆ ವೇಗ ಹೆಚ್ಚಿದಂತೆ ಈ ಮೋಟಾರಿನ ಬಲ ಕುಂದುತ್ತದೆ. ಉಳಿ ಗಟ್ಟಿ ಲೋಹಕ್ಕೆ ಒತ್ತಿದಾಗ ಅದು ಹೆಜ್ಜೆ ತಪ್ಪುತ್ತದೆ. ತಪ್ಪಿದ ಸಂಗತಿ ಕಂಪ್ಯೂಟರಿಗೆ ತಿಳಿಯುವುದೇ ಇಲ್ಲ. ಅರವತ್ತು ತಟ್ಟೆಗಳ ಸೀಳು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದಿತ್ತು. ತಮ್ಮ ಗಿರಾಕಿಗೆ ಮುಂಗಡವನ್ನು ಹಿಂದಿರುಗಿಸಿ ಬಂದ. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಆಗ ಸರ್ವೋ ಮೋಟಾರಿನ ಕಡೆ ತಿರುಗಿದೆ. ಈ ಹೆಸರು ರಾಯದುರ್ಗದ ಹೊಲಿಗೆಯವರಿಗೆ ಹೊಸದಲ್ಲ. ಹೊಲಿಯದಿದ್ದಾಗಲೂ ಗುಂಯ್‌ಗುಡುತ್ತಿದ್ದ ಹಳೆಯ ಕ್ಲಚ್ ಮೋಟಾರಿನ ಬದಲಿಗೆ ಬಂದ, ಕಾಲೊತ್ತಿದಾಗ ಮಾತ್ರ ತಿರುಗುವ ಮೋಟಾರಿಗೂ ಅದೇ ಹೆಸರು. ಆದರೆ ಮಿಲ್ಲಿಂಗಿನ ಸರ್ವೋಗೆ ಹೊಣೆ ಹೆಚ್ಚು. ಅದರ ಬೆನ್ನಿಗಿರುವ ಎನ್ಕೋಡರ್ ತಾನು ಎಲ್ಲಿರುವೆನೆಂದು ಕ್ಷಣಕ್ಷಣಕ್ಕೂ ವರದಿ ಒಪ್ಪಿಸುತ್ತದೆ. ಆಜ್ಞೆಗೂ ಸ್ಥಾನಕ್ಕೂ ಅಂತರ ಮಿತಿಮೀರಿದರೆ ಡ್ರೈವು ಕೆಲಸ ನಿಲ್ಲಿಸುತ್ತದೆ. ತಟ್ಟೆ ಒಂದು ಕೆಟ್ಟರೂ ಅರವತ್ತು ಕೆಡುವುದಿಲ್ಲ.

ಎಷ್ಟು ಬಲದ್ದು ಬೇಕು? ಅಂಗಡಿಯವರು 750 ವ್ಯಾಟಿನದನ್ನೇ ಹೊಗಳಿದರು. ಮನೆಗೆ ಬಂದು, ನಮ್ಮ ಗಣಿತದ ಮೇಷ್ಟ್ರು ತ್ರೈರಾಶಿ ಕಲಿಸಿದ ರೀತಿಯಲ್ಲಿಯೇ ನೋಟ್ ಪುಸ್ತಕದಲ್ಲಿ ಕನ್ನಡದಲ್ಲಿ ಲೆಕ್ಕ ಹಾಕಿದೆ. ಉಳಿಯ ಮೇಲೆ 500 ನ್ಯೂಟನ್ ಒತ್ತಡ ಬಿದ್ದರೂ ಆ ಸ್ಕ್ರೂ ತಿರುಗಿಸಲು ಅರ್ಧ ನ್ಯೂಟನ್-ಮೀಟರ್ ತಿರುಚುಬಲವೂ ಬೇಡ. 3000 ಸುತ್ತಿನ 400 ವ್ಯಾಟ್ ಮೋಟಾರು 1.27 ಕೊಡುತ್ತದೆ. ಅದನ್ನೇ ಕೊಂಡೆ, ಉಳಿದ ಹಣ ಡ್ರೈವುಗಳ ಕಡೆಗೆ ಹೋಯಿತು.

ಇನ್ನು ಆಜ್ಞೆ ಕೊಡುವ ಕಂಪ್ಯೂಟರು. ಹಳೆಯದೊಂದಕ್ಕೆ ಲಿನಕ್ಸ್ ಸಿ.ಎನ್.ಸಿ. ಎಂಬ ಉಚಿತ ತಂತ್ರಾಂಶ ಹಾಕಿದೆ. ಮೋಟಾರು ಒಂದು ಸುತ್ತಿಗೆ 10,000 ಎಣಿಕೆ ಕೇಳುತ್ತದೆ. ಪೂರ್ಣ ವೇಗದಲ್ಲಿ ಅದು ಸೆಕೆಂಡಿಗೆ ಐದು ಲಕ್ಷ ಮಿಡಿತ. ಹಳೆಯ ಪ್ರಿಂಟರ್ ಪೋರ್ಟಿಗೆ ಅಷ್ಟು ಶಕ್ತಿಯೆಲ್ಲಿ? ಡ್ರೈವಿನಲ್ಲಿಯೇ ಸುತ್ತಿಗೆ 2000 ಎಂದು ಹೊಂದಿಸಿ, ವೇಗವನ್ನು 1000 ಸುತ್ತಿಗೆ ಮಿತಿಗೊಳಿಸಿದೆ. ಸುಮಾರು 33,000 ಮಿಡಿತಗಳಲ್ಲಿ ಕೆಲಸ ನಡೆಯಿತು. ನಿಮಿಷಕ್ಕೆ 5 ಮೀಟರಿನ ಓಟ ನಮ್ಮ ಕೊಠಡಿಗೆ ಧಾರಾಳವಾಯಿತು.

ಆದರೆ ದೊಡ್ಡ ತಪ್ಪು ಬೇರೆಯೇ ಇತ್ತು. ಒಂದು ಸಂಜೆ ತಮ್ಮ ಮೇಜಿನ ಮೇಲಿನ ಲೋಹದ ಚೂರುಗಳನ್ನು ಬ್ರಷ್ಷಿನಿಂದ ಗುಡಿಸುತ್ತಿದ್ದ. ಕರೆಂಟು ಹೋಯಿತು. ಮೇಲೆ ನಿಂತಿದ್ದ ಮೂವತ್ತು ಕಿಲೋ ತೂಕದ ತಲೆ ಸರ್ರನೆ ಇಳಿದು ಬ್ರಷ್ಷಿನ ಹಿಡಿಯನ್ನು ಮೇಜಿಗೊತ್ತಿ ಮುರಿಯಿತು. ಅವನ ಬೆರಳು ನಾಲ್ಕಂಗುಲ ಈಚೆಗಿತ್ತು. ಬಾಲ್ ಸ್ಕ್ರೂ ಬಹಳ ನಯವಾದದ್ದು. ವಿದ್ಯುತ್ತಿಲ್ಲದ ಸರ್ವೋ ಅದನ್ನು ತಡೆಯಲಾರದು. ಮೇಲೆ ಕೆಳಗೆ ಚಲಿಸುವ ಅಕ್ಷಕ್ಕೆ, ವಿದ್ಯುತ್ತು ಹೋದೊಡನೆ ಸ್ಪ್ರಿಂಗಿನ ಬಲದಿಂದ ತಾನೇ ಕಚ್ಚಿಕೊಳ್ಳುವ ಬ್ರೇಕುಳ್ಳ ಮೋಟಾರೇ ಬೇಕು. ಪೀಣ್ಯದ ಯಂತ್ರಗಳಲ್ಲಿ ಅದು ಇದ್ದೇ ಇತ್ತು. ಇಷ್ಟು ವರ್ಷ ಅದರ ಪಕ್ಕದಲ್ಲಿ ನಿಂತ ನಾನು ಒಮ್ಮೆಯೂ ಅದನ್ನು ಯೋಚಿಸಿರಲಿಲ್ಲ. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

ಬ್ರೇಕಿನ ಮೋಟಾರು ಬರುವವರೆಗೆ ಯಂತ್ರವನ್ನು ಮುಟ್ಟಲಿಲ್ಲ. ಈಗ ತಟ್ಟೆಗಳು ಸರಿಯಾಗಿ ಬರುತ್ತಿವೆ. ಆ ಗಿರಾಕಿಯೂ ಮರಳಿ ಬಂದಿದ್ದಾರೆ. ಬ್ರೇಕು ಇದೆಯಪ್ಪಾ ಎಂದು ಎಷ್ಟು ಹೇಳಿದರೂ ನನ್ನ ತಮ್ಮ ತಲೆಯ ಕೆಳಗೆ ಒಂದು ಜಾಲಿಮರದ ತುಂಡನ್ನು ಆನಿಸಿಟ್ಟೇ ಕೈ ಹಾಕುತ್ತಾನೆ. ಆ ತುಂಡನ್ನು ಅಳತೆಗೆ ಕೊಯ್ದು ಕೊಟ್ಟವನು ನಾನೇ.